ಇ-ಮೇಲಿನ ಕಾವಲು

ಕಾಗದವನ್ನು ಬರೆಯುವವನಿಗೆ ಯಾವಾಗಲೂ ಎರಡು ಚಿಂತೆಗಳಿರುತ್ತವೆ. ಬರೆದುದು ಮುಟ್ಟಬೇಕಾದವರಿಗೆ ಮುಟ್ಟೀತೇ ಎಂಬುದು ಒಂದು. ನಡುದಾರಿಯಲ್ಲಿ ಅನ್ಯರ ಕೈಗೆ ಸಿಕ್ಕೀತೇ ಎಂಬುದು ಇನ್ನೊಂದು. ಕಾಗದವನ್ನು ಪಡೆಯುವವನಿಗೆ ಮೂರನೆಯ ಚಿಂತೆಯೊಂದುಂಟು. ಇದನ್ನು ಬರೆದವರು ನಿಜವಾಗಿಯೂ ಕೆಳಗೆ ಹೆಸರು ಹಾಕಿದವರೇ ಹೌದೇ? ಹಿಂದಿನ ಅರಸರು ತಮ್ಮ ಓಲೆಗಳಿಗೆ ಮುದ್ರೆಯೊತ್ತಿಸುತ್ತಿದ್ದುದು, ಸಾಹುಕಾರರು ಹುಂಡಿಯ ಕೈಬರಹವನ್ನು ಪರೀಕ್ಷಿಸಿ ನೋಡುತ್ತಿದ್ದುದು, ಅಂಚೆಯವರು ವಿಮೆ ಮಾಡಿದ ಲಕೋಟೆಗೆ ಅರಗಿನ ಮುದ್ರೆಯನ್ನು ಕೇಳುವುದು, ಇವೆಲ್ಲವೂ ಈ ಮೂರು ಚಿಂತೆಗಳ ಪರಿಹಾರಕ್ಕಾಗಿಯೇ ಹುಟ್ಟಿದ ಉಪಾಯಗಳು.

ಇಂದು ನಮ್ಮ ವ್ಯವಹಾರದ ಕಾಗದಗಳಲ್ಲಿ ಬಹುಪಾಲು ಇ-ಮೇಲಿನ ಮೂಲಕ ಹೋಗಿ ಬರುತ್ತವೆ. ಅದರಲ್ಲಿ ಶಾಯಿಯಿಲ್ಲ, ಕೈಬರಹವಿಲ್ಲ, ಅರಗಿನ ಮುದ್ರೆಯೂ ಇಲ್ಲ. ಮಂತ್ರಿಗಳು ಬರೆದರೂ ಮೋಸಗಾರನು ಬರೆದರೂ ಅಕ್ಷರಗಳು ಒಂದೇ ಅಚ್ಚಿನವು. ಕಾಲೇಜಿನ ಪ್ರವೇಶ, ವಿದ್ಯಾರ್ಥಿವೇತನ, ಬ್ಯಾಂಕಿನ ಲೆಕ್ಕ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗನ ಉದ್ಯೋಗದ ಪತ್ರ, ಇವೆಲ್ಲ ಇ-ಮೇಲಿನಲ್ಲಿಯೇ ಬರುವ ಈ ಕಾಲದಲ್ಲಿ ನಮ್ಮ ಕಾಸರಗೋಡಿನ ಹಳ್ಳಿಯ ಮನೆಗಳಿಗೂ ಅದು ಅಪರಿಚಿತವಲ್ಲ. ಈಚಿನ ವರ್ಷಗಳಲ್ಲಿ ವ್ಯಾಪಾರ ಸಂಸ್ಥೆಗಳೂ ಕಚೇರಿಗಳೂ ತಮ್ಮ ಇ-ಮೇಲನ್ನು ಸ್ವಂತ ಯಂತ್ರಗಳಿಂದ ತೆಗೆದು 'ಕ್ಲೌಡ್' ಎಂಬ ವ್ಯವಸ್ಥೆಗೆ ಒಪ್ಪಿಸಿರುತ್ತವೆ. ಅದರಿಂದಾಗಿ ಇ-ಮೇಲನ್ನು ಕಾಯುವ ಕ್ರಮವೇ ಬದಲಾಗಿದೆ. ಹಿಂದೆ ಗೋಡೆಯು ಕಾಯುತ್ತಿತ್ತು. ಈಗ ಗುರುತು ಕಾಯಬೇಕಾಗಿದೆ. ಈ ಬದಲಾವಣೆಯು ಹೇಗಾಯಿತು, ಅದರಿಂದ ನಮ್ಮ ಮೇಲೆ ಬಿದ್ದ ಹೊಣೆಯೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ರಕ್ಷಕರಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ನಂಬಿಕೆಯ ಕಾಲ

೧೯೭೧ನೇ ಇಸವಿಯಲ್ಲಿ ಅಮೇರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಕಾಗದವನ್ನು ಕಳುಹಿಸಿ ತೋರಿಸಿದರು. ಹೆಸರನ್ನೂ ಯಂತ್ರವನ್ನೂ ಬೇರ್ಪಡಿಸಲು ನಾವು ಇಂದಿಗೂ ವಿಳಾಸದ ನಡುವೆ ಬರೆಯುವ 'ಅಟ್' ಎಂಬ ಚಿಹ್ನೆಯನ್ನು ಆಯ್ದುಕೊಂಡವರೂ ಅವರೇ. ಆಗ ಆ ಜಾಲದಲ್ಲಿದ್ದವರು ಕೆಲವೇ ವಿಶ್ವವಿದ್ಯಾನಿಲಯಗಳ ಹಾಗೂ ಸಂಶೋಧನಾಲಯಗಳ ವಿದ್ವಾಂಸರು. ಪರಸ್ಪರ ಪರಿಚಯವುಳ್ಳವರ ನಡುವೆ ಮೋಸದ ಶಂಕೆಗೆ ಆಸ್ಪದವೆಲ್ಲಿ? ೧೯೮೨ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಇ-ಮೇಲನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸುವ ನಿಯಮಗಳನ್ನು ಬರೆದು ಪ್ರಕಟಿಸಿದರು. ಎಸ್.ಎಂ.ಟಿ.ಪಿ. ಎಂದು ಕರೆಯಲ್ಪಡುವ ಆ ನಿಯಮಾವಳಿಯು ಹಲವು ತಿದ್ದುಪಡಿಗಳೊಡನೆ ಇಂದಿಗೂ ಬಳಕೆಯಲ್ಲಿದೆ.

ಆ ನಿಯಮಗಳಲ್ಲಿ ಒಂದು ಕೊರತೆಯಿತ್ತು. ನಾವು ಅಂಚೆಯ ಲಕೋಟೆಯ ಮೇಲೆ 'ಇಂಥವರಿಂದ' ಎಂದು ಬರೆಯುವಲ್ಲಿ ಯಾರ ಹೆಸರನ್ನು ಬರೆದರೂ ಅಂಚೆಯವನು ತಡೆಯುವುದಿಲ್ಲವಷ್ಟೆ? ಇ-ಮೇಲಿನಲ್ಲಿಯೂ ಹಾಗೆಯೇ. ಕಳುಹಿಸಿದವನ ಹೆಸರಿನ ಸ್ಥಳದಲ್ಲಿ ಯಾರ ವಿಳಾಸವನ್ನು ಬರೆದರೂ ಯಂತ್ರಗಳು ಅದನ್ನು ಹಾಗೆಯೇ ಮುಂದಕ್ಕೆ ಸಾಗಿಸುತ್ತಿದ್ದುವು. ೧೯೭೮ರಲ್ಲಿಯೇ ಒಂದು ಕಂಪ್ಯೂಟರು ಕಂಪೆನಿಯ ಮಾರಾಟಗಾರರು ಸುಮಾರು ೪೦೦ ಮಂದಿಗೆ, ಯಾರೂ ಕೇಳದಿದ್ದ ಜಾಹೀರಾತನ್ನು ಒಮ್ಮೆಗೇ ಕಳುಹಿಸಿದ್ದರು. ೨೦೦೦ನೇ ಇಸವಿಯ ಮೇ ತಿಂಗಳಲ್ಲಿ ಫಿಲಿಪೈನ್ಸ್‌ನಿಂದ ಹೊರಟ 'ಐ ಲವ್ ಯೂ' ಎಂಬ ಶಿರೋನಾಮೆಯ ಇ-ಮೇಲ್ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಪ್ರೇಮಪತ್ರವೆಂದು ಭ್ರಮಿಸಿ ಅದರ ಲಗತ್ತನ್ನು ತೆರೆದವರ ಕಂಪ್ಯೂಟರಿನಿಂದ ಅವರ ಪರಿಚಿತರೆಲ್ಲರಿಗೂ ಅದು ತಾನಾಗಿಯೇ ಹೋಗುತ್ತಿತ್ತು. ಪರಿಚಿತರ ಹೆಸರಿನಲ್ಲಿ ಬಂದುದರಿಂದಲೇ ಜನರು ಅದನ್ನು ನಂಬಿದರು ಎಂಬುದು ಗಮನಿಸತಕ್ಕ ಮಾತು.

ಕೋಟೆಯ ಕಾಲ

ಆ ದಿನಗಳಲ್ಲಿ ಪ್ರತಿಯೊಂದು ದೊಡ್ಡ ಸಂಸ್ಥೆಯೂ ತನ್ನ ಇ-ಮೇಲಿಗಾಗಿ ಸ್ವಂತ ಸರ್ವರನ್ನು ಇಟ್ಟುಕೊಂಡಿತ್ತು. ಸರ್ವರ್ ಎಂದರೆ ಕಾಗದಗಳನ್ನು ಪಡೆದು, ವಿಂಗಡಿಸಿ, ಕೇಳಿದವರಿಗೆ ಕೊಡುವ ಯಂತ್ರ. ಸಂಸ್ಥೆಯ ಒಳಗಿನ ಅಂಚೆಕಚೇರಿಯೆನ್ನಬಹುದು. ಕಚೇರಿಯ ಒಂದು ತಂಪು ಕೋಣೆಯಲ್ಲಿ ಅದನ್ನು ಇರಿಸಿ ಬೀಗ ಹಾಕುತ್ತಿದ್ದರು. ಹೊರಗಿನ ಜಾಲಕ್ಕೂ ಒಳಗಿನ ಯಂತ್ರಗಳಿಗೂ ನಡುವೆ 'ಫೈರ್‌ವಾಲ್' ಎಂಬ ಗೋಡೆಯಿತ್ತು. ಆ ಗೋಡೆಯಲ್ಲಿ ಇ-ಮೇಲ್ ಬರುವುದಕ್ಕೆ ಒಂದೇ ಒಂದು ಹೆಬ್ಬಾಗಿಲು. ಅಲ್ಲಿ ಶೋಧಕ ಯಂತ್ರವೊಂದು ಕುಳಿತು ಬಂದ ಕಾಗದಗಳನ್ನೆಲ್ಲ ತಡೆದು ನೋಡುತ್ತಿತ್ತು. ತಿಳಿದ ವೈರಸ್ಸಿನ ಗುರುತು ಲಗತ್ತಿನಲ್ಲಿ ಉಂಟೇ, ಬಂದ ವಿಳಾಸವು ಮೋಸಗಾರರ ಪಟ್ಟಿಯಲ್ಲಿ ಉಂಟೇ, ಜಾಹೀರಾತಿನ ಮಾತುಗಳು ಹೆಚ್ಚಾಗಿವೆಯೇ ಎಂದು ಪರೀಕ್ಷಿಸಿ, ಒಪ್ಪಿಗೆಯಾದುದನ್ನು ಮಾತ್ರ ಒಳಗೆ ಬಿಡುತ್ತಿತ್ತು.

ಈ ಏರ್ಪಾಡಿನ ತತ್ತ್ವ ಸರಳವಾದುದು. ಹೊರಗಿರುವವನು ಶಂಕಿತ, ಒಳಗಿರುವವನು ನಂಬುಗೆಯವನು. ಕೋಟೆಯೊಳಗೆ ಒಮ್ಮೆ ಪ್ರವೇಶಿಸಿದ ಮೇಲೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಗುಮಾಸ್ತನು ತನ್ನ ಮೇಜಿನ ಮುಂದೆಯೇ ಕುಳಿತು ಕಾಗದ ಓದುತ್ತಿದ್ದ ಕಾಲದಲ್ಲಿ ಈ ತತ್ತ್ವವು ಒಂದು ಮಟ್ಟಿಗೆ ಸಾಕಾಗಿತ್ತು.

ಮನೆಯಿಂದ ಮೋಡಕ್ಕೆ

'ಕ್ಲೌಡ್' ಎಂದರೆ ಮೋಡ. ಹೆಸರು ಕಾವ್ಯಮಯವಾಗಿದ್ದರೂ ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ. ದೊಡ್ಡ ಕಂಪೆನಿಗಳು ನಾನಾ ದೇಶಗಳಲ್ಲಿ ಕಟ್ಟಿಸಿದ ವಿಶಾಲವಾದ ಕಟ್ಟಡಗಳಲ್ಲಿ ಸಾವಿರಾರು ಸರ್ವರುಗಳು ಹಗಲಿರುಳೂ ಕೆಲಸ ಮಾಡುತ್ತಿರುತ್ತವೆ. ಅವುಗಳಲ್ಲಿ ಒಂದಿಷ್ಟು ಸ್ಥಳವನ್ನೂ ಸೇವೆಯನ್ನೂ ಬಾಡಿಗೆಗೆ ಪಡೆಯುವುದೇ ಕ್ಲೌಡಿಗೆ ಹೋಗುವುದು. ಸ್ವಂತ ಬಾವಿ ತೋಡಿಸುವ ಬದಲು ಪಂಚಾಯತಿನ ನಳ್ಳಿಯಿಂದ ನೀರು ಪಡೆದು ತಿಂಗಳ ಹಣ ಕಟ್ಟುವಂತೆ ಎಂದು ತಿಳಿದರೆ ಸಾಕು.

ಜನಸಾಮಾನ್ಯರಿಗೆ ಈ ದಾರಿಯನ್ನು ಮೊದಲು ತೋರಿದವರಲ್ಲಿ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಒಬ್ಬರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಅವರೂ ಜ್ಯಾಕ್ ಸ್ಮಿತ್ ಎಂಬವರೂ ೧೯೯೬ರ ಜುಲೈ ೪ರಂದು 'ಹಾಟ್‌ಮೇಲ್' ಎಂಬ ಸೇವೆಯನ್ನು ಆರಂಭಿಸಿದರು. ಯಾವ ಊರಿನ ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ತನ್ನ ಕಾಗದಗಳನ್ನು ಓದಬಹುದೆಂಬುದು ಆಗ ಸೋಜಿಗದ ವಿಷಯವಾಗಿತ್ತು. ಮರುವರ್ಷವೇ ಮೈಕ್ರೋಸಾಫ್ಟ್ ಕಂಪೆನಿಯು ಅದನ್ನು ಕೊಂಡುಕೊಂಡಿತು. ೨೦೦೪ರ ಏಪ್ರಿಲ್ ೧ರಂದು ಗೂಗಲ್ ಕಂಪೆನಿಯ ಜಿಮೇಲ್ ಬಂತು. ೨೦೦೬ರಲ್ಲಿ ಗೂಗಲ್, ೨೦೧೧ರಲ್ಲಿ 'ಆಫೀಸ್ ೩೬೫' ಎಂಬ ಹೆಸರಿನಿಂದ ಮೈಕ್ರೋಸಾಫ್ಟ್, ವ್ಯಾಪಾರ ಸಂಸ್ಥೆಗಳಿಗೂ ಇಂಥ ಸೇವೆಯನ್ನು ಒದಗಿಸತೊಡಗಿದುವು. ೨೦೨೦ರಲ್ಲಿ ಕೋವಿಡ್ ವ್ಯಾಧಿಯಿಂದ ನೌಕರರು ಮನೆಯಿಂದಲೇ ಕೆಲಸ ಮಾಡಬೇಕಾಗಿ ಬಂದಾಗ, ಹಿಂಜರಿಯುತ್ತಿದ್ದ ಸಂಸ್ಥೆಗಳೂ ಕ್ಲೌಡನ್ನು ಹಿಡಿದುವು. ೨೦೨೫ರ ವೇಳೆಗೆ ನಮ್ಮ ಕೇಂದ್ರ ಸರಕಾರದ ಸುಮಾರು ೧೨ ಲಕ್ಷ ನೌಕರರ ಇ-ಮೇಲನ್ನು ತಮಿಳುನಾಡಿನ ಜೋಹೋ ಕಂಪೆನಿಯ ವ್ಯವಸ್ಥೆಗೆ ವರ್ಗಾಯಿಸಲಾಯಿತು.

ಇದರಲ್ಲಿ ಲಾಭವುಂಟು. ಸ್ವಂತ ಸರ್ವರಿಗೆ ವಿದ್ಯುತ್ತು, ತಂಪು, ದುರಸ್ತಿ, ನುರಿತ ಆಳು ಎಲ್ಲವೂ ಬೇಕು. ಅದರಲ್ಲಿ ದೋಷವೊಂದು ಕಂಡುಬಂದಾಗ ಅದನ್ನು ಕೂಡಲೇ ಸರಿಪಡಿಸದಿದ್ದರೆ ಅನರ್ಥವಾಗುತ್ತದೆ. ೨೦೨೧ರ ಮಾರ್ಚಿಯಲ್ಲಿ ಮೈಕ್ರೋಸಾಫ್ಟಿನ 'ಎಕ್ಸ್‌ಚೇಂಜ್' ಎಂಬ ಇ-ಮೇಲ್ ಸರ್ವರಿನಲ್ಲಿ ಗಂಭೀರವಾದ ದೋಷಗಳು ಹೊರಬಿದ್ದುವು. ಸ್ವಂತ ಕಚೇರಿಯಲ್ಲಿ ಆ ಸರ್ವರನ್ನು ಇಟ್ಟುಕೊಂಡಿದ್ದ ಸಾವಿರಾರು ಸಂಸ್ಥೆಗಳು ಕಳ್ಳರ ದಾಳಿಗೆ ತುತ್ತಾದುವು. ಅದೇ ಕಂಪೆನಿಯ ಕ್ಲೌಡಿನಲ್ಲಿದ್ದವರಿಗೆ ಆ ದೋಷಗಳು ತಟ್ಟಲಿಲ್ಲ. ಆದುದರಿಂದ ಕ್ಲೌಡಿಗೆ ಹೋದುದು ಅವಿವೇಕವೆಂದು ಯಾರೂ ಹೇಳುವಂತಿಲ್ಲ. ಆದರೆ ಒಂದು ಅಪಾಯವು ಕಡಿಮೆಯಾದಾಗ ಇನ್ನೊಂದು ತಲೆಯೆತ್ತಿತು.

ಬೀಗದ ಕೈಯ ಕಳವು

ಕಾಗದಗಳು ಕಚೇರಿಯ ಕೋಣೆಯಲ್ಲಿದ್ದಾಗ ಕಳ್ಳನು ಗೋಡೆಯನ್ನು ಕೊರೆಯಬೇಕಿತ್ತು. ಈಗ ಅವು ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ತೆರೆಯಬಹುದಾದ ಪೆಟ್ಟಿಗೆಯಲ್ಲಿವೆ. ಹೆಸರು ಮತ್ತು ಪಾಸ್‌ವರ್ಡ್ ಸರಿಯಾಗಿದ್ದರೆ ಪೆಟ್ಟಿಗೆ ತೆರೆಯುತ್ತದೆ. ತೆರೆದವನು ಯಜಮಾನನೋ ಕಳ್ಳನೋ ಎಂದು ಬೀಗಕ್ಕೆ ತಿಳಿಯದು. ಆದುದರಿಂದ ಇಂದಿನ ಕಳ್ಳನು ಗೋಡೆಯ ಗೋಜಿಗೆ ಹೋಗದೆ ಬೀಗದ ಕೈಯನ್ನೇ ಕೇಳಿ ಪಡೆಯುತ್ತಾನೆ. ಒಂದೇ ಬೀಗದ ಕೈಯಿಂದ ಇ-ಮೇಲಿನ ಜೊತೆಗೆ ಸಂಸ್ಥೆಯ ದಾಖಲೆಗಳೂ ಲೆಕ್ಕಪತ್ರಗಳೂ ತೆರೆಯುವುದರಿಂದ ಅವನಿಗೆ ಲಾಭವು ಇಮ್ಮಡಿ.

ಅವನ ಕೆಲಸದ ರೀತಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಅಡಿಕೆಯ ವ್ಯಾಪಾರ ಮಾಡುವ ಒಂದು ಸಂಸ್ಥೆಯುಂಟು ಎಂದಿಟ್ಟುಕೊಳ್ಳಿ. ಅದರ ಲೆಕ್ಕಿಗನಿಗೆ ಒಂದು ದಿನ ಇ-ಮೇಲ್ ಬರುತ್ತದೆ: 'ನಿಮ್ಮ ಪೆಟ್ಟಿಗೆ ತುಂಬಿದೆ, ಇಂದು ಸಂಜೆಯೊಳಗೆ ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡದಿದ್ದರೆ ಕಾಗದಗಳೆಲ್ಲ ಅಳಿಸಿಹೋಗುವುವು.' ಒತ್ತಿದಾಗ ತೆರೆಯುವ ಪುಟವು ದಿನನಿತ್ಯ ಕಾಣುವ ಪುಟದಂತೆಯೇ ಇರುತ್ತದೆ. ಆದರೆ ಅದು ಕಳ್ಳನು ಕಟ್ಟಿದ ಪುಟ. ಲೆಕ್ಕಿಗನು ಬರೆದ ಪಾಸ್‌ವರ್ಡ್ ಕಳ್ಳನಿಗೆ ಸೇರುತ್ತದೆ. ಗಾಳಕ್ಕೆ ಎರೆ ಸಿಕ್ಕಿಸಿ ಮೀನು ಹಿಡಿಯುವುದಕ್ಕೆ ಹೋಲುವ ಈ ಮೋಸಕ್ಕೆ 'ಫಿಶಿಂಗ್' ಎಂಬ ಹೆಸರಿದೆ.

ಪಾಸ್‌ವರ್ಡ್ ಸಿಕ್ಕಿದೊಡನೆ ಕಳ್ಳನು ಗದ್ದಲ ಮಾಡುವುದಿಲ್ಲ. ಲೆಕ್ಕಿಗನ ಪೆಟ್ಟಿಗೆಯೊಳಗೆ ಸದ್ದಿಲ್ಲದೆ ಕುಳಿತು ದಿನಗಟ್ಟಲೆ ಓದುತ್ತಾನೆ. ಯಾರಿಗೆ ಎಷ್ಟು ಹಣ ಸಲ್ಲಬೇಕು, ಎಂದು ಸಲ್ಲಬೇಕು, ಲೆಕ್ಕಿಗನು ಯಾವ ಮಾತಿನಿಂದ ಪತ್ರವನ್ನು ಆರಂಭಿಸುತ್ತಾನೆ ಎಂಬುದನ್ನೆಲ್ಲ ಅರಿತುಕೊಳ್ಳುತ್ತಾನೆ. 'ಬಿಲ್ಲು' ಎಂಬ ಶಬ್ದವಿರುವ ಪತ್ರಗಳೆಲ್ಲ ತನಗೂ ಒಂದು ಪ್ರತಿ ಬರುವಂತೆ ಪೆಟ್ಟಿಗೆಯಲ್ಲಿ ಗುಪ್ತವಾದ ಏರ್ಪಾಡು ಮಾಡಿಡುತ್ತಾನೆ. ಕೊನೆಗೆ ಹಣ ಪಾವತಿಯ ಹಿಂದಿನ ದಿನ, ಲೆಕ್ಕಿಗನ ಅದೇ ವಿಳಾಸದಿಂದ, ಅದೇ ಧಾಟಿಯಲ್ಲಿ, ನಡೆಯುತ್ತಿರುವ ಪತ್ರವ್ಯವಹಾರದ ಮುಂದುವರಿಕೆಯಾಗಿಯೇ ಖರೀದಿದಾರನಿಗೆ ಬರೆಯುತ್ತಾನೆ: 'ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಹಣವನ್ನು ಈ ಕೆಳಗಿನ ಖಾತೆಗೆ ಕಳುಹಿಸಬೇಕು.' ಖರೀದಿದಾರನು ಸಂಶಯಪಡುವುದಕ್ಕೆ ಏನಿದೆ? ವಿಳಾಸವು ನಿಜವಾದುದು. ಲಗತ್ತಿಲ್ಲ, ವೈರಸ್ಸಿಲ್ಲ. ಹೆಬ್ಬಾಗಿಲಿನ ಹಳೆಯ ಶೋಧಕನು ಇಂಥ ಕಾಗದವನ್ನು ಹಿಡಿಯಲಾರ. ಹಣವು ಹೋಗುತ್ತದೆ, ಅಡಿಕೆಯವನಿಗೆ ಮುಟ್ಟುವುದಿಲ್ಲ. ಇಬ್ಬರು ಪ್ರಾಮಾಣಿಕರ ನಡುವೆ ವ್ಯಾಜ್ಯವು ಹುಟ್ಟುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಅಮೇರಿಕದ ಎಫ್.ಬಿ.ಐ. ಎಂಬ ಪತ್ತೇದಾರಿ ಸಂಸ್ಥೆಗೆ ೨೦೨೩ ಒಂದೇ ವರ್ಷದಲ್ಲಿ ಇಂಥ ವ್ಯಾಪಾರಿ ಇ-ಮೇಲ್ ಮೋಸಗಳ ಕುರಿತು ೨೧,೦೦೦ಕ್ಕೂ ಮಿಕ್ಕಿ ದೂರುಗಳು ಬಂದುವು; ನಷ್ಟವಾದುದು ಸುಮಾರು ೨೯೦ ಕೋಟಿ ಡಾಲರು. ದೊಡ್ಡವರೂ ಇದಕ್ಕೆ ಹೊರತಲ್ಲ. ೨೦೧೩ರಿಂದ ೨೦೧೫ರ ವರೆಗೆ ಲಿಥುವೇನಿಯಾ ದೇಶದ ಒಬ್ಬನು ತೈವಾನಿನ ಯಂತ್ರತಯಾರಕರ ಹೆಸರಿನಲ್ಲಿ ಸುಳ್ಳು ಬಿಲ್ಲುಗಳನ್ನೂ ಇ-ಮೇಲುಗಳನ್ನೂ ಕಳುಹಿಸಿ, ಗೂಗಲ್ ಮತ್ತು ಫೇಸ್‌ಬುಕ್ ಕಂಪೆನಿಗಳಿಂದಲೇ ೧೨ ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಲಪಟಾಯಿಸಿದ್ದನು. ೨೦೧೯ರಲ್ಲಿ ಅಮೇರಿಕದ ನ್ಯಾಯಾಲಯವು ಅವನಿಗೆ ೫ ವರ್ಷಗಳ ಸಜೆಯನ್ನು ವಿಧಿಸಿತು. ಅವನು ಯಾವ ಗೋಡೆಯನ್ನೂ ಕೊರೆಯಬೇಕಾಗಲಿಲ್ಲ. ಪರಿಚಿತ ಹೆಸರೊಂದನ್ನು ಬಳಸಿದುದೇ ಸಾಕಾಯಿತು.

ಹೊಸ ಕಾವಲಿನ ನಾಲ್ಕು ಅಂಗಗಳು

ಹೀಗಿರುವಲ್ಲಿ ಹೊಸ ಕಾಲದ ಕಾವಲು ಹೇಗಿರಬೇಕು? ಅದರ ಅಂಗಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು, ಕಾಗದಕ್ಕೆ ಮುದ್ರೆ. ಹಳೆಯ ನಿಯಮಗಳ ಕೊರತೆಯನ್ನು ತುಂಬಲು ಮೂರು ಉಪಾಯಗಳನ್ನು ಒಂದರ ಮೇಲೊಂದರಂತೆ ಕಂಡುಹಿಡಿದರು. ಎಸ್.ಪಿ.ಎಫ್. ಎಂಬುದು ಒಂದು ಪಟ್ಟಿ: 'ನಮ್ಮ ಹೆಸರಿನಲ್ಲಿ ಕಾಗದ ಕಳುಹಿಸಲು ಈ ಸರ್ವರುಗಳಿಗೆ ಮಾತ್ರ ಅಧಿಕಾರವುಂಟು' ಎಂದು ಪ್ರತಿಯೊಂದು ಸಂಸ್ಥೆಯೂ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಡಿ.ಕೆ.ಐ.ಎಂ. ಎಂಬುದು ಅರಗಿನ ಮುದ್ರೆಯ ಸ್ಥಾನದಲ್ಲಿ ನಿಂತಿದೆ: ಕಳುಹಿಸುವ ಸರ್ವರು ಗಣಿತದ ಒಂದು ರಹಸ್ಯ ಸಂಖ್ಯೆಯಿಂದ ಕಾಗದಕ್ಕೆ ಸಹಿ ಹಾಕುತ್ತದೆ, ನಡುವೆ ಯಾರಾದರೂ ಸಹಿಯ ರಕ್ಷಣೆಯಲ್ಲಿರುವ ಅಕ್ಷರವನ್ನು ತಿದ್ದಿದರೆ ಸಹಿ ಹೊಂದುವುದಿಲ್ಲ. ಡಿ.ಎಂ.ಎ.ಆರ್.ಸಿ. ಎಂಬುದು ಆಜ್ಞೆ: ಪಟ್ಟಿಗೂ ಸಹಿಗೂ ಹೊಂದದ ಕಾಗದವು ನಮ್ಮ ಹೆಸರಿನಲ್ಲಿ ಬಂದರೆ ಅದನ್ನು ಬೇರೆ ಇಡಬೇಕೋ ತಿರಸ್ಕರಿಸಬೇಕೋ ಎಂಬುದನ್ನು ಅದು ತಿಳಿಸುತ್ತದೆ. ಇವು ೨೦೦೬ರಿಂದ ೨೦೧೫ರ ಅವಧಿಯಲ್ಲಿ ಒಂದೊಂದಾಗಿ ಪ್ರಕಟವಾದರೂ ಬಹುಮಂದಿ ಅಲಕ್ಷಿಸಿದ್ದರು. ೨೦೨೪ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಕಂಪೆನಿಗಳು ಹೆಚ್ಚಿನ ಸಂಖ್ಯೆಯಲ್ಲಿ ಇ-ಮೇಲ್ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಗೊಳಿಸಿದುವು. ಜಿಮೇಲಿಗೆ ಸಂಬಂಧಿಸಿದಂತೆ ದಿನಕ್ಕೆ ೫,೦೦೦ ಕಾಗದಗಳೇ ಆ ಮಿತಿ. ಕೆಲವೇ ದೊಡ್ಡ ಕ್ಲೌಡುಗಳಲ್ಲಿ ಜಗತ್ತಿನ ಇ-ಮೇಲ್ ಸೇರಿರುವುದರಿಂದಲೇ ಇಂಥ ನಿಯಮವನ್ನು ಜಾರಿಗೆ ತರುವುದು ಸಾಧ್ಯವಾಯಿತು.

ಆದರೆ ಮುದ್ರೆಯು ಒಂದನ್ನು ಮಾತ್ರ ಹೇಳುತ್ತದೆ: ಈ ಕಾಗದವು ಈ ವಿಳಾಸದಿಂದಲೇ ಬಂದುದು. ಆ ವಿಳಾಸದವನು ಸತ್ಯವಂತನೆಂದು ಅದು ಹೇಳುವುದಿಲ್ಲ. ನಿಜವಾದ ವಿಳಾಸದಲ್ಲಿ ಒಂದಕ್ಷರವನ್ನು ಬದಲಿಸಿ ಮೋಸಗಾರನು ಹೊಸ ವಿಳಾಸವನ್ನು ಕೊಂಡರೆ ಅವನಿಗೂ ಮುದ್ರೆ ಸಿಕ್ಕೀತು.

ಎರಡನೆಯದು, ಬೀಗಕ್ಕೆ ಎರಡನೆಯ ಕೈ. ಪಾಸ್‌ವರ್ಡ್ ಕೊಟ್ಟ ಮೇಲೆಯೂ ಮೊಬೈಲಿಗೆ ಬಂದ ಒ.ಟಿ.ಪಿ. ಸಂಖ್ಯೆಯನ್ನು ಕೇಳುವ ಕ್ರಮವು ನಮಗೆಲ್ಲ ಪರಿಚಿತ. ಪಾಸ್‌ವರ್ಡ್ ಕದ್ದವನಿಗೆ ಮೊಬೈಲು ಸಿಗದಾದುದರಿಂದ ಬಹಳಷ್ಟು ಕಳವುಗಳು ಇದರಿಂದ ನಿಂತುವು. ಬರಿಯ ಪಾಸ್‌ವರ್ಡಿನಿಂದ ತೆರೆಯುವ ಹಳೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಇ-ಮೇಲಿನಲ್ಲಿ ೨೦೨೨ರ ಅಕ್ಟೋಬರ್ ೧ರಿಂದ ಮುಚ್ಚತೊಡಗಿತು. ಆದರೆ ಕಳ್ಳನೂ ಸುಮ್ಮನಿರಲಿಲ್ಲ. ತನ್ನ ಸುಳ್ಳು ಪುಟದಲ್ಲಿ ಒ.ಟಿ.ಪಿ.ಯನ್ನೂ ಕೇಳಿ, ಅದೇ ಕ್ಷಣದಲ್ಲಿ ನಿಜವಾದ ಪುಟಕ್ಕೆ ದಾಟಿಸುವುದನ್ನು ಕಲಿತನು. ಇದಕ್ಕೆ ಪ್ರತಿಯಾಗಿ ಈಗ 'ಪಾಸ್‌ಕೀ' ಎಂಬುದು ಬಂದಿದೆ. ಇದರಲ್ಲಿ ನೆನಪಿಟ್ಟು ಬರೆಯಬೇಕಾದ ಶಬ್ದವೇ ಇಲ್ಲ. ನಮ್ಮ ಮೊಬೈಲು ಅಥವಾ ಕಂಪ್ಯೂಟರು ಒಂದು ರಹಸ್ಯವನ್ನು ಕಾಪಾಡಿಕೊಂಡು, ನಿಜವಾದ ಜಾಲತಾಣಕ್ಕೆ ಮಾತ್ರ ಉತ್ತರ ಕೊಡುತ್ತದೆ. ಪುಟವು ನೋಡಲು ಎಷ್ಟೇ ಹೋಲಿದರೂ ವಿಳಾಸವು ಬೇರೆಯಾದರೆ ಅದು ಬಾಯಿ ಬಿಡುವುದಿಲ್ಲ. ಮನುಷ್ಯನ ಕಣ್ಣಿಗೆ ಮೋಸವಾದೀತು. ಈ ಯಂತ್ರದ ಕಣ್ಣಿಗೆ ವೇಷವು ಕಾಣುವುದೇ ಇಲ್ಲ. ೨೦೧೭ರಲ್ಲಿ ಗೂಗಲ್ ಕಂಪೆನಿಯು ತನ್ನ ೮೫,೦೦೦ಕ್ಕೂ ಹೆಚ್ಚು ನೌಕರರಿಗೆ ಇದೇ ತತ್ತ್ವದ ಸಣ್ಣ ಸಾಧನವೊಂದನ್ನು ಕಡ್ಡಾಯಗೊಳಿಸಿತು. ಅನಂತರ ಫಿಶಿಂಗಿನಿಂದ ಯಾವ ನೌಕರನ ಖಾತೆಯೂ ಕಳುವಾಗಲಿಲ್ಲವೆಂದು ಕಂಪೆನಿಯು ೨೦೧೮ರಲ್ಲಿ ತಿಳಿಸಿತು.

ಮೂರನೆಯದು, ಒಳಗಿನ ಗಸ್ತು. ಹಳೆಯ ಶೋಧಕನು ಹೆಬ್ಬಾಗಿಲಿನಲ್ಲಿ ಒಮ್ಮೆ ನೋಡಿ ಬಿಟ್ಟ ಮೇಲೆ ಅವನ ಕೆಲಸ ಮುಗಿಯಿತು. ಕ್ಲೌಡಿನ ಹೊಸ ಕಾವಲುಗಾರನು ಪೆಟ್ಟಿಗೆಗಳ ಒಳಗೇ ಸಂಚರಿಸುತ್ತಾನೆ. ಒಂದೇ ಸಂಸ್ಥೆಯ ಇಬ್ಬರು ನೌಕರರ ನಡುವಣ ಕಾಗದಗಳನ್ನೂ ಅವನು ನೋಡಬಲ್ಲ. ಲೆಕ್ಕಿಗನು ಬೆಳಗ್ಗೆ ಮಂಗಳೂರಿನಿಂದ ಪೆಟ್ಟಿಗೆಯನ್ನು ತೆರೆದಿದ್ದು, ಅರ್ಧ ಗಂಟೆಯಲ್ಲಿ ಅದೇ ಪೆಟ್ಟಿಗೆಯು ಬೇರೊಂದು ಖಂಡದಿಂದ ತೆರೆದರೆ ಅವನಿಗೆ ಸಂಶಯ ಬರುತ್ತದೆ. ಎಂದೂ ಹಣದ ಮಾತೆತ್ತದವರು ಒಮ್ಮೆಲೇ ಖಾತೆಯನ್ನು ಬದಲಿಸಿ ಎಂದು ಬರೆದರೆ ಅವನು ಅದಕ್ಕೆ ಎಚ್ಚರಿಕೆಯ ಚೀಟಿ ಅಂಟಿಸುತ್ತಾನೆ. ಮುಟ್ಟಿದ ಕಾಗದವು ಮೋಸದ್ದೆಂದು ಅನಂತರ ತಿಳಿದುಬಂದರೆ ಎಲ್ಲರ ಪೆಟ್ಟಿಗೆಗಳಿಂದಲೂ ಅದನ್ನು ಹಿಂದಕ್ಕೆ ತೆಗೆಯಬಲ್ಲ. ಅಂಚೆಯವನಿಗೆ ಇಂಥ ಶಕ್ತಿಯು ಎಂದೂ ಇರಲಿಲ್ಲ.

ನಾಲ್ಕನೆಯದು, ಅನುಮತಿಗಳ ಪರಿಶೀಲನೆ. ಕ್ಲೌಡಿನಲ್ಲಿ ನಾವು ಬೇರೆ ಬೇರೆ 'ಆ್ಯಪ್'ಗಳಿಗೆ 'ನನ್ನ ಇ-ಮೇಲನ್ನು ನೋಡಬಹುದು' ಎಂದು ಅನುಮತಿ ಕೊಡುವುದುಂಟು. ೨೦೧೭ರ ಮೇ ೩ರಂದು 'ಗೂಗಲ್ ಡಾಕ್ಸ್' ಎಂಬ ಹೆಸರನ್ನು ಹೊತ್ತ ಸುಳ್ಳು ಆ್ಯಪ್ ಒಂದು ಹೀಗೆಯೇ ಅನುಮತಿ ಕೇಳಿ, ಒಪ್ಪಿದವರ ಪರಿಚಿತರಿಗೆಲ್ಲ ಕೆಲವೇ ಗಂಟೆಗಳಲ್ಲಿ ಹಬ್ಬಿತು. ಇಲ್ಲಿ ಪಾಸ್‌ವರ್ಡ್ ಕಳುವಾಗಲಿಲ್ಲ. ಯಜಮಾನನೇ ಕಳ್ಳನನ್ನು ಒಳಗೆ ಕರೆದು ಕುಳ್ಳಿರಿಸಿದಂತಾಯಿತು. ಇಂಥ ಅನುಮತಿಯನ್ನು ನೌಕರರು ತಾವಾಗಿಯೇ ಕೊಡದಂತೆ ಈಗ ಅನೇಕ ಸಂಸ್ಥೆಗಳು ನಿರ್ಬಂಧಿಸುತ್ತವೆ.

ಹೊಣೆ ಯಾರದು?

ಕಾಗದಗಳನ್ನು ದೊಡ್ಡ ಕಂಪೆನಿಗೆ ಒಪ್ಪಿಸಿದ ಮೇಲೆ ಹೊಣೆಯೂ ಅವರದೇ ತಾನೆ ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಬ್ಯಾಂಕಿನ ಲಾಕರನ್ನು ನೆನೆಯಿರಿ. ಅದನ್ನು ತೆರೆಯಲು ಎರಡು ಕೈಗಳು ಬೇಕು: ಒಂದು ಬ್ಯಾಂಕಿನದು, ಇನ್ನೊಂದು ನಮ್ಮದು. ಕಟ್ಟಡ, ಕಾವಲು, ಉಕ್ಕಿನ ಬಾಗಿಲು ಬ್ಯಾಂಕಿನ ಹೊಣೆ. ನಮ್ಮ ಕೈಯನ್ನು ಜೋಪಾನವಾಗಿಡುವುದು ನಮ್ಮ ಹೊಣೆ. ಕ್ಲೌಡಿನಲ್ಲಿಯೂ ಹೊಣೆಯು ಹೀಗೆ ಇಬ್ಬರಲ್ಲಿ ಹಂಚಿಹೋಗಿದೆ. ಯಂತ್ರಗಳ ರಕ್ಷಣೆ ಕಂಪೆನಿಗೆ ಸೇರಿದುದು. ಯಾರಿಗೆ ಖಾತೆ ಕೊಡಬೇಕು, ಕೆಲಸ ಬಿಟ್ಟವರ ಖಾತೆಯನ್ನು ಎಂದು ಮುಚ್ಚಬೇಕು, ಎರಡನೆಯ ಕೈಯನ್ನು ಕಡ್ಡಾಯ ಮಾಡಬೇಕೇ ಎಂಬುದೆಲ್ಲ ಬಾಡಿಗೆದಾರನಿಗೆ ಸೇರಿದುದು.

ಬ್ಯಾಂಕೇ ತನ್ನ ಕೈಯನ್ನು ಕಳೆದುಕೊಂಡರೆ? ಅಂಥ ಪ್ರಸಂಗವೂ ನಡೆದಿದೆ. ೨೦೨೩ರಲ್ಲಿ, ಚೀನಾ ದೇಶದಿಂದ ಕಾರ್ಯನಡೆಸುವುದೆಂದು ಹೇಳಲಾದ ತಂಡವೊಂದು ಮೈಕ್ರೋಸಾಫ್ಟಿನ ಸಹಿ ಹಾಕುವ ರಹಸ್ಯವನ್ನೇ ಸಂಪಾದಿಸಿ, ಅದರಿಂದ ಸುಳ್ಳು ಗುರುತುಗಳನ್ನು ತಯಾರಿಸಿ, ಅಮೇರಿಕದ ವಿದೇಶಾಂಗ ಇಲಾಖೆಯೂ ಸೇರಿ ಸುಮಾರು ೨೨ ಸಂಸ್ಥೆಗಳ ಇ-ಮೇಲನ್ನು ಓದಿತು. ಆ ದೇಶದ ವಾಣಿಜ್ಯ ಮಂತ್ರಿಣಿಯವರ ಪೆಟ್ಟಿಗೆಯೂ ಅದರಲ್ಲಿ ಸೇರಿತ್ತು. ಇದನ್ನು ಮೊದಲು ಕಂಡುಹಿಡಿದುದು ಕಂಪೆನಿಯಲ್ಲ, ಬಾಡಿಗೆದಾರನಾಗಿದ್ದ ವಿದೇಶಾಂಗ ಇಲಾಖೆ. ಯಾರು ಎಂದು ಪೆಟ್ಟಿಗೆಯನ್ನು ತೆರೆದರೆಂಬ ದಿನಚರಿಯನ್ನು ಅದು ಹೆಚ್ಚಿನ ಹಣ ತೆತ್ತು ಪಡೆಯುತ್ತಿತ್ತು. ಅದನ್ನು ನೋಡುವ ಅಭ್ಯಾಸವೂ ಅಲ್ಲಿಯವರಿಗಿತ್ತು. ಈ ಘಟನೆಯನ್ನು ತಡೆಯಬಹುದಾಗಿತ್ತೆಂದು ಅಮೇರಿಕ ಸರಕಾರದ ಪರಿಶೀಲನಾ ಮಂಡಳಿಯು ೨೦೨೪ರಲ್ಲಿ ಸ್ಪಷ್ಟವಾಗಿ ಹೇಳಿತು. ಅಂಥ ದಿನಚರಿಗಳನ್ನು ಇನ್ನೂ ಹೆಚ್ಚು ಗ್ರಾಹಕರಿಗೆ ಬೇರೆ ಶುಲ್ಕವಿಲ್ಲದೆ ಒದಗಿಸಲು ಕಂಪೆನಿಯು ಒಪ್ಪಬೇಕಾಯಿತು. ಕಾಯುವವನನ್ನೂ ನೋಡುವವರು ಒಬ್ಬರಿರಬೇಕೆಂಬುದು ಇದರಿಂದ ಕಲಿಯತಕ್ಕ ಪಾಠ.

ನಮ್ಮ ಮನೆಗಳಲ್ಲಿ

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕನ್ನಡ ಮಾಧ್ಯಮದಲ್ಲಿ ಓದುವ ಗಡಿನಾಡಿನ ನಮ್ಮ ಮಕ್ಕಳ ಮನೆಗಳಿಗೆ ಬ್ಯಾಂಕಿನ, ಕಾಲೇಜಿನ, ಕಂಪೆನಿಯ ಇ-ಮೇಲುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಬರುತ್ತವೆ. ಅವನ್ನು ಮಕ್ಕಳೇ ಓದಿ ಹಿರಿಯರಿಗೆ ಹೇಳುವುದು ಅನೇಕ ಮನೆಗಳ ವಾಡಿಕೆ. ಗಂಭೀರವಾದ ಇಂಗ್ಲಿಷಿನಲ್ಲಿದೆ ಎಂಬ ಮಾತ್ರಕ್ಕೆ ಅದು ಸರಕಾರದ ಆಜ್ಞೆಯೆಂದು ಹೆದರುವ ಸ್ವಭಾವವೂ ನಮ್ಮಲ್ಲಿದೆ. ಮೋಸಗಾರನಿಗೆ ಬೇಕಾದುದು ಈ ಹೆದರಿಕೆಯೇ. ಹಿಂದೆ ಅವನ ಪತ್ರಗಳಲ್ಲಿ ವ್ಯಾಕರಣದ ತಪ್ಪುಗಳಿರುತ್ತಿದ್ದುವು, ಅದರಿಂದ ಗುರುತು ಹಿಡಿಯಬಹುದಾಗಿತ್ತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಯಾವ ಭಾಷೆಯಲ್ಲಿಯೂ, ಕನ್ನಡದಲ್ಲಿ ಸಹ, ನಯವಾದ ಪತ್ರವನ್ನು ಬರೆದುಕೊಡುತ್ತವೆ. ಆದುದರಿಂದ ಭಾಷೆಯ ಅಂದವನ್ನು ನೋಡಿ ಸತ್ಯವನ್ನು ನಿರ್ಣಯಿಸುವ ಕಾಲವು ಹೋಯಿತು.

ಹಾಗಾದರೆ ನೋಡಬೇಕಾದುದೇನು? ಮೊದಲಾಗಿ ವಿಳಾಸದ ಕೊನೆಯ ಭಾಗ. ಅಂಚೆಯಲ್ಲಿ ಕಾಗದಗಳನ್ನು ವಿಂಗಡಿಸುವವರು ಕೊನೆಯ ಸಾಲಿನ ಊರನ್ನು ಮೊದಲು ನೋಡುತ್ತಾರೆ. ಮೇಲೆ ಎಷ್ಟು ದೊಡ್ಡ ಹೆಸರಿದ್ದರೂ ಕಾಗದವು ಹೋಗುವುದು ಆ ಊರಿಗೇ. ಇ-ಮೇಲಿನ ವಿಳಾಸವನ್ನೂ ಹೀಗೆಯೇ ಬಲಗಡೆಯ ತುದಿಯಿಂದ ಓದುವುದನ್ನು ಕಲಿಯಬೇಕು. ಜಾಲತಾಣದ ವಿಳಾಸದಲ್ಲಿ ಮೊದಲನೆಯ ಒಂಟಿ ಓರೆಗೆರೆಯ ಹಿಂದೆ ಇರುವ ಭಾಗವೇ ಆ ತುದಿ. ಭಾರತೀಯ ರಿಸರ್ವ್ ಬ್ಯಾಂಕು ನಮ್ಮ ದೇಶದ ಬ್ಯಾಂಕುಗಳೆಲ್ಲ ತಮ್ಮ ಜಾಲತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ೨೦೨೫ರ ಅಕ್ಟೋಬರ್ ೩೧ರೊಳಗೆ ಬದಲಿಸತಕ್ಕದ್ದೆಂದು ವಿಧಿಸಿತು. ಈ ತುದಿಯನ್ನು ಬ್ಯಾಂಕುಗಳಿಗಲ್ಲದೆ ಇತರರಿಗೆ ಕೊಡುವುದಿಲ್ಲ. ಬ್ಯಾಂಕಿನ ಹೆಸರು ನಡುವೆ ಎಲ್ಲೋ ಇದ್ದು ತುದಿಯು ಬೇರೆಯಾಗಿದ್ದರೆ ಅಲ್ಲಿ ಪಾಸ್‌ವರ್ಡ್ ಬರೆಯಲಾಗದು.

ಎರಡನೆಯದಾಗಿ, ಹಣದ ವಿಷಯದಲ್ಲಿ ಇನ್ನೊಂದು ದಾರಿಯಿಂದ ವಿಚಾರಿಸಿ ನೋಡುವುದು. ಶಾಲೆಯ ಹೆಸರಿನಲ್ಲಾಗಲಿ ಬಂಧುಗಳ ಹೆಸರಿನಲ್ಲಾಗಲಿ 'ಖಾತೆ ಬದಲಾಗಿದೆ, ಕೂಡಲೇ ಹಣ ಕಳುಹಿಸಿ' ಎಂಬ ಇ-ಮೇಲ್ ಬಂದರೆ ಅದಕ್ಕೆ ಉತ್ತರ ಬರೆದು ಕೇಳುವುದರಿಂದ ಪ್ರಯೋಜನವಿಲ್ಲ. ಪೆಟ್ಟಿಗೆಯಲ್ಲಿ ಕಳ್ಳನೇ ಕುಳಿತಿದ್ದರೆ ಉತ್ತರ ಕೊಡುವವನೂ ಅವನೇ. ಆ ಪತ್ರದಲ್ಲಿ ಕೊಟ್ಟ ದೂರವಾಣಿಯ ಸಂಖ್ಯೆಗೂ ಕರೆಮಾಡಬಾರದು. ಮೊದಲಿನಿಂದ ನಮ್ಮಲ್ಲಿದ್ದ ಸಂಖ್ಯೆಗೆ ಕರೆಮಾಡಿ, ಪರಿಚಿತ ಕಂಠವನ್ನು ಕೇಳಿದರೂ ಹಿಂದಿನ ವ್ಯವಹಾರದ ಒಂದೆರಡು ವಿವರಗಳನ್ನು ಕೇಳಿ ದೃಢಪಡಿಸಿಕೊಳ್ಳಬೇಕು.

ಮೂರನೆಯದಾಗಿ, ಪಾಸ್‌ವರ್ಡನ್ನೂ ಒ.ಟಿ.ಪಿ.ಯನ್ನೂ ಯಾರಿಗೂ ಹೇಳಲಾಗದು. ಬ್ಯಾಂಕಿನವರೆಂದು ಕರೆಮಾಡಿದವರಿಗಂತೂ ಸರ್ವಥಾ ಕೂಡದು. ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸುವುದು ಮನೆಯ, ಅಂಗಡಿಯ, ಪೆಟ್ಟಿಗೆಯ ಬೀಗಗಳಿಗೆಲ್ಲ ಒಂದೇ ಕೈಯನ್ನು ಇಟ್ಟುಕೊಂಡಂತೆ. ಇ-ಮೇಲಿನ ಖಾತೆಗೆ ಎರಡನೆಯ ಕೈಯನ್ನೋ ಪಾಸ್‌ಕೀಯನ್ನೋ ಅಳವಡಿಸಿಕೊಳ್ಳುವುದು ಹತ್ತು ನಿಮಿಷಗಳ ಕೆಲಸ. ಬೇರೆ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದನ್ನು 'ಇ-ಮೇಲಿಗೆ ಕಳುಹಿಸುತ್ತೇವೆ' ಎನ್ನುತ್ತಾರಲ್ಲವೇ? ಇ-ಮೇಲ್ ಕೈತಪ್ಪಿದರೆ ಮಿಕ್ಕವೆಲ್ಲ ಕೈತಪ್ಪುವುದೆಂದು ಅದರಿಂದಲೇ ತಿಳಿಯಬಹುದು.

ಇಷ್ಟೆಲ್ಲ ಎಚ್ಚರದಿಂದಿದ್ದರೂ ಯಾರಿಗಾದರೂ ಮೋಸವಾದರೆ ನಾಚಿಕೆಯಿಂದ ಮುಚ್ಚಿಡಬಾರದು. ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕೂಡಲೇ ಕರೆಮಾಡಿ ದೂರು ಕೊಡಬೇಕು; ಬ್ಯಾಂಕಿಗೂ ತಿಳಿಸಬೇಕು. ಹಣವು ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲಿನ ಕೆಲವು ಗಂಟೆಗಳಲ್ಲಿ. ಮಕ್ಕಳಿಂದ ತಪ್ಪಾಗಿದ್ದರೆ ರಕ್ಷಕರು ಗದರಿಸುವ ಮೊದಲು ಕರೆಮಾಡಲಿ. ಗದರಿಕೆಗೆ ಹೆದರಿ ಮಗುವು ಒಂದು ದಿನ ಸುಮ್ಮನಿದ್ದರೆ ಆ ಒಂದು ದಿನವು ಕಳ್ಳನಿಗೆ ದೊರೆತಂತೆ.

ಮಕ್ಕಳೇ, ಮನೆಗೆ ಬಂದ ಇ-ಮೇಲನ್ನು ಅಜ್ಜನಿಗೋ ಅಮ್ಮನಿಗೋ ಓದಿ ಹೇಳುವ ಕೆಲಸವು ನಿಮ್ಮ ಪಾಲಿಗೆ ಬಂದಿದೆ. ಓದುವಾಗ ಏನು ಬರೆದಿದೆ ಎಂಬುದನ್ನು ಮಾತ್ರ ಹೇಳಿ ನಿಲ್ಲಿಸಬೇಡಿರಿ. ಎಲ್ಲಿಂದ ಬಂದಿದೆ, ಏಕೆ ಅವಸರ ಪಡಿಸುತ್ತದೆ, ಬೇರೆ ದಾರಿಯಿಂದ ಕೇಳಿ ನೋಡಿದ್ದೀರಾ ಎಂಬುದನ್ನೂ ಹಿರಿಯರಿಗೆ ನೆನಪಿಸಿರಿ. ಯಂತ್ರಗಳ ಕಾವಲು ದಿನದಿಂದ ದಿನಕ್ಕೆ ಸುಧಾರಿಸುತ್ತಿದೆ. ಆದರೆ ಮನೆಯ ಬಾಗಿಲಿನಲ್ಲಿ ಬಂದವರನ್ನು 'ಯಾರು?' ಎಂದು ಕೇಳಿ ತಿಳಿದು ಬಾಗಿಲು ತೆಗೆಯುವ ನಮ್ಮ ಹಿರಿಯರ ಪದ್ಧತಿಯನ್ನು ಇ-ಮೇಲಿನ ವಿಷಯದಲ್ಲಿ ಪಾಲಿಸಬೇಕಾದವರು ನಾವೇ.